ನೀರು ಹಾಕಬಾರದ ಡಬ್ಬಿ

ನಾಲ್ಕನೇ ಇಯತ್ತೆಯ ಮಕ್ಕಳು ಏನು ಕಲಿಯುತ್ತಾರೆ, ಮನೆಯವರು ಅವರಿಗೆ ಹೇಗೆ ನೆರವಾಗಬೇಕು ಎಂದು ಈಗಿನ ಶಾಲೆಗಳಲ್ಲಿ ತಂದೆ ತಾಯಿಯನ್ನು ಕುರ್ಚಿಯ ಮೇಲೆ ಕೂರಿಸಿ, ಚಹಾ ಕೊಟ್ಟು ತಿಳಿಸಿಕೊಡುತ್ತಾರೆ. ಮೊಮ್ಮಗಳ ಸಲುವಾಗಿ ವಿಜಾಪುರದ ಅಂಥದೊಂದು ಸಭೆಯಲ್ಲಿ ನಾನೂ ಕೂತು ಬಂದೆ. ಎಲ್ಲರೂ ಗಂಭೀರವಾಗಿ ತಲೆ ಆಡಿಸಿದರು. ನಾನು ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದೆ. ನಮ್ಮ ಮನೆಯವರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಕೇಳದಿದ್ದರೂ ನೆರವಾಗಿ, ಬೇಡವೆಂದರೂ ನೆರವಾಗಿ, ನನ್ನ ನಾಲ್ಕನೇ ಇಯತ್ತೆಯನ್ನು ಮಣ್ಣುಪಾಲು ಮಾಡುವ ತನಕ ಅವರು ಕೈ ಬಿಟ್ಟಿರಲಿಲ್ಲ.

ಎಪ್ಪತ್ತರ ದಶಕದ ಮಾತು. ಬಬಲೇಶ್ವರದ ಮಗ್ಗುಲಿನ ನಮ್ಮೂರಲ್ಲಿ ಆಗ ಶಾಲೆ ಇದ್ದದ್ದು ನಾಲ್ಕರವರೆಗೆ. ಒಂದೇ ಕೋಣೆ, ಒಬ್ಬರೇ ಮಾಸ್ತರು. ಐದನೆಯದಕ್ಕೆ ಬಬಲೇಶ್ವರಕ್ಕೆ ನಡೆದು ಹೋಗಬೇಕು. ಗಂಡು ಹುಡುಗರು ಹೋಗುತ್ತಿದ್ದರು. ಹುಡುಗಿಯರಿಗೆ ನಾಲ್ಕು ಮುಗಿಯುವಷ್ಟರಲ್ಲಿ ಲೋಕದ ವಿದ್ಯೆಯೆಲ್ಲ ಬಂದುಬಿಡುತ್ತಿತ್ತೆಂದು ಕಾಣುತ್ತದೆ. ಅವರ ಕಂಕುಳಿಗೆ ಒಂದು ಕೂಸನ್ನೋ, ಕೈಗೆ ಆಡಿನ ಹಗ್ಗವನ್ನೋ ಕೊಟ್ಟುಬಿಡುತ್ತಿದ್ದರು. ನನ್ನ ಪುಣ್ಯಕ್ಕೆ ಎರಡೂ ತಯಾರಿದ್ದವು. ತಮ್ಮ ಅಂಬೆಗಾಲಿಡುತ್ತಿದ್ದ, ಹಿತ್ತಲಲ್ಲಿ ಆಡು ಮರಿ ಹಾಕಿತ್ತು.

ನನಗೆ ಐದನೇ ಇಯತ್ತೆ ಬೇಕಾಗಿತ್ತು. ಯಾಕೆ ಎಂದರೆ ದೊಡ್ಡ ಕಾರಣವೇನೂ ಇರಲಿಲ್ಲ. ಅಲ್ಲಿ ಕೂರಲು ಬೆಂಚು ಇವೆ, ಎಬಿಸಿಡಿ ಕಲಿಸುತ್ತಾರೆ ಎಂದು ಕೇಳಿದ್ದೆ. ಅಷ್ಟಕ್ಕೇ ಅನ್ನ ಸೇರದಷ್ಟು ಆಸೆ. ಮನೆಯಲ್ಲಿ ಮುತ್ಯಾ, ಅಂದರೆ ಅಪ್ಪನ ಅಪ್ಪ, ಹೇಳಿದ್ದೇ ಕಾಯಿದೆ. ಧೈರ್ಯ ಮಾಡಿ ಅವನನ್ನೇ ಕೇಳಿದೆ.

"ವಿಜಾಪುರದಿಂದ ಸಾಹೇಬ ಬರ್ತಾನಲ್ಲ ಸಾಲಿ ನೋಡಾಕ, ಅಂವ ನಿನ್ನ ಶಾಣ್ಯಾಕಿ ಅಂದ್ರ ಕಳಸ್ತೀನಿ," ಅಂದ ಮುತ್ಯಾ. "ಇಲ್ಲಂದ್ರ ಆಡು ಅದಾವ."

ಅವತ್ತಿನಿಂದ ಮನೆಮಂದಿಯೆಲ್ಲ ನನ್ನನ್ನು ಶಾಣ್ಯಾಕಿಯನ್ನಾಗಿ, ಅಂದರೆ ಜಾಣೆಯನ್ನಾಗಿ ಮಾಡಲು ಟೊಂಕ ಕಟ್ಟಿ ನಿಂತರು. ಲೆಕ್ಕ ಮುತ್ಯಾನ ಪಾಲಿಗೆ ಬಂತು. ಒಂದು ಎತ್ತು ಮೂರು ಸೂಡು ಕಣಿಕೆ ಮೇವು ತಿಂದರೆ ನಾಲ್ಕು ಎತ್ತು ಎಷ್ಟು ತಿನ್ನುತ್ತವೆ ಎಂದು ಕೇಳಿದ. ಹನ್ನೆರಡು ಅಂದೆ. ತಪ್ಪು ಅಂದ. "ಯಾವ ಎತ್ತು ಅಂತ ಕೇಳಿದೇನು ನೀ? ನಮ್ಮ ಕಂದ ಬಣ್ಣದ ಎತ್ತು ಎರಡ ತಿಂತೈತಿ." ಮೀಸೆ ಬರುವ ತನಕ ಏಳನೆಯದರಲ್ಲೇ ಕೂತು ಅನುಭವ ಗಳಿಸಿದ್ದ ಕಾಕಾ ಓದು ಹೇಳಿಕೊಟ್ಟ. ನಾನು ಸರಿಯಾಗಿ ಓದಿದ್ದನ್ನು ಹುಡುಕಿ ಹುಡುಕಿ ತಿದ್ದಿದ. ಕಣ್ಣಿಗೆ ಆಯಾಸವಾಗಬಾರದೆಂದು ಅವ್ವ ಆಗಾಗ ಪುಸ್ತಕ ಇಸಿದುಕೊಂಡು ಕಸಬರಿಗೆ ಕೊಡುತ್ತಿದ್ದಳು. ಮಾತೇ ಆಡದ ಅಪ್ಪ ದೂರ ಕೂತು ನೋಡುತ್ತಿದ್ದ. ಮನೆಯಲ್ಲಿ ನನಗೆ ಆದ ನಿಜವಾದ ಉಪಕಾರ ಅದೊಂದೇ.

ಜೋಳದ ರಾಶಿ ಮುಗಿದ ಹೊತ್ತಿಗೆ ಮಾಸ್ತರು ವಿಜ್ಞಾನದ ಪಾಠಕ್ಕೆಂದು ನನಗೊಂದು ಪ್ರಯೋಗ ವಹಿಸಿದರು. ಮೂರು ತಗಡಿನ ಡಬ್ಬಿ, ಮೂರರಲ್ಲೂ ಕರಿಮಣ್ಣು, ಮೂರರಲ್ಲೂ ಜೋಳದ ಕಾಳು. ಒಂದನೆಯದಕ್ಕೆ ಬಿಸಿಲು, ನೀರು ಎರಡೂ ಕೊಡಬೇಕು. ಎರಡನೆಯದಕ್ಕೆ ನೀರು ಕೊಟ್ಟು ಬುಟ್ಟಿ ಮುಚ್ಚಿ ಕತ್ತಲಲ್ಲಿಡಬೇಕು. ಮೂರನೆಯದಕ್ಕೆ ಬಿಸಿಲು ಉಂಟು, ನೀರಿಲ್ಲ. ಅದು ಮೊಳೆಯಬಾರದು. ಮೊಳೆಯದೆ ಇರುವುದೇ ಅದರ ಕೆಲಸ. ಸಾಹೇಬರು ಬಂದ ದಿನ ಮೂರನ್ನೂ ತಂದು ತೋರಿಸಬೇಕು. ನನ್ನ ಐದನೇ ಇಯತ್ತೆ ಆ ಮೂರನೇ ಡಬ್ಬಿಯೊಳಗೆ ಇತ್ತು ಅಂದರೂ ತಪ್ಪಿಲ್ಲ.

ಡಬ್ಬಿಗಳನ್ನು ಕಟ್ಟೆಯ ಮೇಲಿಟ್ಟು ಎಲ್ಲರಿಗೂ ವಿವರಿಸಿದೆ. ಮೂರನೆಯದರ ಹತ್ತಿರ ಬಂದಾಗ ಆಯಿ, ಮುತ್ಯಾನ ಹೆಂಡತಿ, ಬಗ್ಗಿ ಅದರೊಳಗೆ ನೋಡಿದಳು.

"ಬಿತ್ತಿ ನೀರ ಹಾಕಬ್ಯಾಡ ಅಂದಾನೇನು ಮಾಸ್ತರ? ಅಂವಗ ಹೊಲ ಐತೇನು?"

"ನೀರ ಹಾಕಲಿಲ್ಲಂದ್ರ ಏನಾಕ್ಕೈತಿ ಅಂತ ನೋಡಬೇಕ ಆಯಿ."

"ಏನಾಕ್ಕೈತಿ? ಮಣ್ಣಾಗ ಸಾಯ್ತೈತಿ. ಅದನ್ನ ನೋಡಾಕ ಸಾಲಿಗೆ ಹೋಗಬೇಕೇನಬೇ?"

ಕೊನೆಗೆ ಒಬ್ಬೊಬ್ಬರಿಂದಲೂ ಆಣೆ ಹಾಕಿಸಿಕೊಂಡೆ, ಮೂರನೇ ಡಬ್ಬಿಗೆ ಹನಿ ನೀರೂ ಬೀಳಬಾರದೆಂದು. ಎಲ್ಲರೂ ಹೂಂ ಅಂದರು. ಅಷ್ಟು ಸಲೀಸಾಗಿ ಹೂಂ ಅಂದಾಗಲೇ ನನಗೆ ಸಂಶಯ ಬರಬೇಕಾಗಿತ್ತು.

ಎಲ್ಲಕ್ಕಿಂತ ಮೊದಲು ಮೊಳೆತದ್ದು ಮೂರನೇ ಡಬ್ಬಿ. ಬೆಳಗ್ಗೆ ಎದ್ದು ನೋಡುತ್ತೇನೆ, ಎಳೆ ಹಸಿರು ತಲೆ ಎತ್ತಿಕೊಂಡು ನಿಂತಿದೆ. ಒಂದನೆಯದಕ್ಕೆ ನಾನೊಬ್ಬಳೇ ನೀರು ಹಾಕುತ್ತಿದ್ದೆ, ಪಾಪ ಅದು ಇನ್ನೂ ಯೋಚಿಸುತ್ತಿತ್ತು. ಊಟಕ್ಕೆ ಕೂತಾಗ ಯಾರು ನೀರು ಹಾಕಿದಿರಿ ಎಂದು ಕೇಳಿದೆ.

"ನನಗೇನ ಬ್ಯಾರೆ ಕೆಲಸ ಇಲ್ಲೇನು?" ಅಂದಳು ಅವ್ವ. ಕಾಕಾ ಗೋಡೆ ನೋಡಿದ. ಅಪ್ಪ ರೊಟ್ಟಿ ಮುರಿದ. "ನಾನಂತೂ ಆ ಕಡೆ ಹೊಳ್ಳಿ ನೋಡಿಲ್ಲ," ಅಂದ ಮುತ್ಯಾ.

"ದೇವರ ಹಾಕಿರಬೇಕು," ಅಂದಳು ಆಯಿ.

ದೇವರಿಗೆ ಇಂಥ ಕೆಲಸಕ್ಕೆಲ್ಲ ಪುರುಸೊತ್ತು ಇದ್ದ ಕಾಲ ಅದು. ಮಣ್ಣು ಬದಲಿಸಿ ಹೊಸ ಕಾಳು ಹಾಕಿ, ಡಬ್ಬಿಯನ್ನು ಮಾಳಿಗೆಯ ಮೇಲೆ ಇಟ್ಟು ಬಂದೆ. ಮೊಣಕಾಲು ನೋವೆಂದು ಹೊಸ್ತಿಲು ದಾಟಲೂ ನರಳುವ ಆಯಿ ಮರುದಿನ ಏಣಿಯಿಂದ ಇಳಿಯುತ್ತಿದ್ದಳು. ಕೈಯಲ್ಲಿ ತಂಬಿಗೆ. ಕೇಳಿದರೆ, ಹಪ್ಪಳ ಒಣಗಿಸಲು ಹೋಗಿದ್ದಳಂತೆ. ತಂಬಿಗೆಯಲ್ಲಿ ಹಪ್ಪಳ ಇರಲಿಲ್ಲ. ಇತ್ತ ಎರಡನೇ ಡಬ್ಬಿಯ ಬುಟ್ಟಿ ಎಷ್ಟು ಸಲ ಮುಚ್ಚಿದರೂ ಓರೆಯಾಗಿರುತ್ತಿತ್ತು. ಬೆಕ್ಕು ಎಂದಳು ಅವ್ವ. ನಮ್ಮ ಮನೆಯಲ್ಲಿ ಬೆಕ್ಕೇ ಇರಲಿಲ್ಲ.

ಸಾಹೇಬರು ಬರುವ ದಿನ ಬಂತು. ಮೂರನೇ ಡಬ್ಬಿಯ ಸಸಿಗಳು ಉಳಿದೆರಡನ್ನೂ ಮೀರಿ ಬೆಳೆದು ತೂಗಾಡುತ್ತಿದ್ದವು. ಕಿತ್ತು ಬಿಸಾಡಿ, ಬರೀ ಮಣ್ಣು ಒಯ್ಯಲೇ ಎಂದು ಬಗ್ಗಿದೆ. ಕೈ ಬರಲಿಲ್ಲ. ನಾನೂ ಅದೇ ಮನೆಯವಳು ತಾನೇ.

"ಇದರಾಗ ನೀರು ಹಾಕಲಾರದ್ದು ಯಾವುದು?" ಎಂದು ಸಾಹೇಬರು ಕೇಳಿದರು. ಎಲ್ಲಕ್ಕಿಂತ ಎತ್ತರದ್ದನ್ನು ತೋರಿಸಿದೆ. ಮಾಸ್ತರು ಕಣ್ಣು ಮುಚ್ಚಿಕೊಂಡರು.

"ಹಂಗಾದ್ರ ಇದರಿಂದ ಏನ ಕಲಿತಿ?"

ಸುಳ್ಳು ಹೊಳೆಯಲಿಲ್ಲ. "ಮನ್ಯಾಗ ಮಂದಿ ಇದ್ರ, ನೀರ ಹಾಕಬ್ಯಾಡಂದ್ರೂ ಬೆಳಿ ಬರತೈತ್ರಿ," ಅಂದೆ.

ಸಾಹೇಬರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವ ತನಕ ನಕ್ಕರು. ಆಮೇಲೆ ಚಹಾ ಕುಡಿದು ಹೋದರು. ಶಾಣ್ಯಾಕಿ ಎಂಬ ಮಾತು ಅವರ ಬಾಯಿಂದ ಬರಲಿಲ್ಲ.

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. "ಸಾಹೇಬ ನಕ್ಕನಂತಲ್ಲ," ಅಂದ ಮುತ್ಯಾ. ಹೌದು ಅಂದೆ. "ಶಾಣ್ಯಾಕಿ ಅಂದನೇನು?" ಇಲ್ಲ ಅಂದೆ. "ಹಂಗಾದ್ರ ಮುಗೀತು. ಪರೀಕ್ಷಾ ಆದಮ್ಯಾಲ ಆಡು ಕಾಯಾಕ ಹೋಗು."

ಡಬ್ಬಿಯನ್ನು ಅಂಗಳಕ್ಕೆ ಒಗೆದು ಅತ್ತೆ. "ನೀವ ಮಾಡಿದ್ದು ಇದು, ನಿಮ್ಮಿಂದನ ಹಿಂಗಾತು," ಅಂದೆ. ಎಲ್ಲರೂ ಗೋಡೆ ನೋಡಿದರು. ಒಬ್ಬರೂ ಒಪ್ಪಿಕೊಳ್ಳಲಿಲ್ಲ. ಒಂದು ಕಾಳು ಒಣಗುವುದನ್ನು ನೋಡಲಾರದ ಈ ಕರುಣಾಳುಗಳು ನನ್ನನ್ನು ಮಾತ್ರ ಆಡಿನ ಹಿಂದೆ ಕಳಿಸಲು ತಯಾರಾಗಿ ಕೂತಿದ್ದರು. ಅವತ್ತು ಅವರೆಲ್ಲರ ಮೇಲೂ ನನಗೆ ಹುಟ್ಟಿದ ಸಿಟ್ಟು ಬೇಸಿಗೆಯುದ್ದಕ್ಕೂ ಇಳಿಯಲಿಲ್ಲ. ಪರೀಕ್ಷೆಯಲ್ಲಿ ಪಾಸಾದೆ. ಐದನೆಯದರ ಮಾತನ್ನು ಯಾರೂ ಎತ್ತಲಿಲ್ಲ.

ಜೂನ್ ತಿಂಗಳ ಒಂದು ಬೆಳಗ್ಗೆ ಅವ್ವ ನನ್ನನ್ನು ಒಲೆಯ ಮುಂದೆ ಕೂರಿಸಿಕೊಂಡು ಎರಡು ಜಡೆ ಹಾಕಿದಳು. ಅರಿವೆಯಲ್ಲಿ ರೊಟ್ಟಿ ಕಟ್ಟಿ ಕೈಗಿಟ್ಟಳು. "ನಿಮ್ಮ ಮುತ್ಯಾ ಹೊಲಕ್ಕ ಹೋಗ್ಯಾನ. ಬಬಲೇಶ್ವರಕ್ಕ ಹೋಗೋ ಹುಡುಗರ ಜೋಡಿ ನಡಿ. ಯಾರಿಗೂ ಹೇಳಬ್ಯಾಡ." ಬಾಗಿಲಲ್ಲಿ ಆಯಿ ತಮ್ಮನನ್ನು ಆಗಲೇ ಕಂಕುಳಿಗೆ ಏರಿಸಿಕೊಂಡು ನಿಂತಿದ್ದಳು. "ನಿಮ್ಮವ್ವಗ ಹೇಳಬ್ಯಾಡ," ಅಂದಳು. ಓಣಿಯ ತುದಿಯಲ್ಲಿ ಕಾಕಾ ತನ್ನ ಹಳೆಯ ಪಾಟಿಚೀಲ ನನ್ನ ಹೆಗಲಿಗೆ ಹಾಕಿ, ಆಡುಗಳನ್ನು ಹೊಡೆದುಕೊಂಡು ಹೊರಟ. "ನಿಮ್ಮ ಆಯಿಗೆ ಹೇಳಬ್ಯಾಡಲೇ." ಬಬಲೇಶ್ವರದ ಶಾಲೆಯಲ್ಲಿ ನನ್ನ ಹೆಸರನ್ನು ಹಾಜರಿ ಪುಸ್ತಕದಲ್ಲಿ ಮೊದಲೇ ಬರೆದಾಗಿತ್ತು. ಅಪ್ಪ ಸಂತೆಗೆಂದು ಬಂದವನು ಮಾತಿಲ್ಲದೆ ಆ ಕೆಲಸ ಮುಗಿಸಿ ಹೋಗಿದ್ದ.

ರಾತ್ರಿ ಊಟಕ್ಕೆ ಕೂತಾಗ ಮುತ್ಯಾ ಕೇಳಿದ, "ಈ ಹುಡುಗಿನ್ನ ಸಾಲಿಗೆ ಯಾರ ಕಳಿಸಿದ್ರು?"

ಕಾಕಾ ಗೋಡೆ ನೋಡಿದ. ಅಪ್ಪ ರೊಟ್ಟಿ ಮುರಿದ. ಅವ್ವ ಪಲ್ಯ ಬಡಿಸಿದಳು.

"ದೇವರ ಕಳಿಸಿರಬೇಕು," ಅಂದಳು ಆಯಿ.

"ನಮ್ಮ ಮನ್ಯಾಗ ಹೆಣ್ಣ ಹುಡುಗ್ಯಾರು ಐದನೇತ್ತಿಗೆ ಹೋಗಂಗಿಲ್ಲ," ಅಂದ ಮುತ್ಯಾ, ಊಟ ಮುಂದುವರಿಸಿದ. ಆ ಮಾತನ್ನು ಅವನು ಕೊನೆಯವರೆಗೂ ಹಿಂತೆಗೆದುಕೊಳ್ಳಲಿಲ್ಲ. ನಾನು ಆರನೆಯದಕ್ಕೆ ಹೋದಾಗಲೂ ನಮ್ಮ ಮನೆಯ ಹುಡುಗಿಯರು ಐದನೆಯದಕ್ಕೆ ಹೋಗುತ್ತಿರಲಿಲ್ಲ.

ಆದರೆ ಆ ಮೊದಲ ದಿನದ ಸಂಜೆಯಿಂದಲೇ, ನಾನು ಹೊಳ್ಳಿ ಬರುವ ಹೊತ್ತಿಗೆ, ಬಬಲೇಶ್ವರದ ದಾರಿ ನಮ್ಮ ಹೊಲಕ್ಕೆ ತಾಗುವ ಕಡೆ ಮುತ್ಯಾ ಕೋಲು ಹಿಡಿದು ನಿಂತಿರುತ್ತಿದ್ದ. ಎತ್ತು ತಪ್ಪಿಸಿಕೊಂಡಿದೆ, ಹುಡುಕಲು ಬಂದಿದ್ದೇನೆ ಅನ್ನುತ್ತಿದ್ದ. ದಿನಾಲೂ ಅದೇ ಎತ್ತು. ಒಂದು ದಿನ ತಡೆಯಲಾರದೆ ಕೇಳಿದೆ, "ಎತ್ತು ಸಿಕ್ತೇನು ಮುತ್ಯಾ?"

"ಇಲ್ಲ," ಅಂದ. ಅವನ ಬೆನ್ನ ಹಿಂದೆ, ಬೇವಿನ ಗಿಡದ ಕೆಳಗೆ, ಎತ್ತುಗಳೆಲ್ಲ ಕಟ್ಟಿದಲ್ಲೇ ನಿಂತು ಮೆಲುಕು ಹಾಕುತ್ತಿದ್ದವು.

ಮೂರನೇ ಡಬ್ಬಿಗೆ ನೀರು ಹಾಕಿದವರಲ್ಲಿ ಅವನೂ ಒಬ್ಬನೆಂದು ನನಗೆ ಆಗ ಖಾತ್ರಿಯಾಯಿತು. ಅವನು ನನ್ನ ಹೆಗಲ ಚೀಲ ಇಸಿದುಕೊಂಡು, ಯಾರಿಗೂ ಹೇಳಬ್ಯಾಡ ಎಂದು ಮುಂದೆ ನಡೆದ.