ಕೊಕ್ಕಿಗಂಟಿದ ಕೆಸರು

ಕರಾವಳಿಯ ವಲಸೆ ಹಕ್ಕಿಗಳ ಅಧ್ಯಯನದಲ್ಲಿ ಅಪರೂಪದ ಹಕ್ಕಿಯನ್ನು ಕಂಡವರಿಗೆ ಹೆಸರು ಬರುತ್ತದೆ; ಕಂಡದ್ದು ಅದಲ್ಲವೆಂದು ಹೇಳಿದವರಿಗೆ ಬರುವುದು ನಿಷ್ಠುರ ಮಾತ್ರ. ಆ ನಿಷ್ಠುರವನ್ನೇ ಸೇವೆಯುದ್ದಕ್ಕೂ ಕಟ್ಟಿಕೊಂಡು, ನಮ್ಮ ಕಡಲಪಕ್ಷಿ ಕೇಂದ್ರದ ಮುಖ್ಯಸ್ಥೆಯಾಗಿ ಈಗ ನಿವೃತ್ತರಾಗುತ್ತಿರುವ ಹಿರಿಯ ಸಹೋದ್ಯೋಗಿಯನ್ನು ನಾವೆಲ್ಲ ಎದುರಿಗೆ 'ಅಕ್ಕ' ಎಂದೂ, ಬೆನ್ನ ಹಿಂದೆ 'ಅನುಮಾನದ ಅಕ್ಕ' ಎಂದೂ ಕರೆಯುತ್ತಾ ಬಂದಿದ್ದೇವೆ. ಯಾರು ಎಂಥ ವರದಿ ತಂದರೂ ಅದರ ಮೇಲೆ ಅವರು ಬರೆಯುತ್ತಿದ್ದುದು ಹೆಚ್ಚಾಗಿ ಅದೊಂದೇ ಮಾತು: ಅನುಮಾನ. "ಮದುವೆ ಆದಾಗ ನನ್ನನ್ನೂ ಅದೇ ಪಟ್ಟಿಗೆ ಸೇರಿಸಿದ್ಲು, ಇನ್ನೂ ತೆಗೆದಿಲ್ಲ" ಎಂದು ಅವರ ಯಜಮಾನರು, ನಮಗೆಲ್ಲ ಭಾವ, ಚಹಾದ ಫ್ಲಾಸ್ಕ್ ಹಿಡಿದು ದಡದಲ್ಲಿ ನಿಂತು ಗೊಣಗುವುದುಂಟು.

ನಾನು ಕೆಲಸಕ್ಕೆ ಸೇರಿದ ಮೊದಲ ಶರತ್ಕಾಲದಲ್ಲೇ ಮೊಣಕಾಲುದ್ದದ ಕೆಸರಿನಲ್ಲಿ ಹೂತು ಒಂದು ಬೂಟು ಕಳೆದುಕೊಂಡೆ. ಅಕ್ಕ ಚೀಲದಿಂದ ಒಣ ಕಾಲುಚೀಲ ತೆಗೆದುಕೊಟ್ಟರು. ಹೊಸಬರಿಗೆಂದೇ ಒಂದು ಜೊತೆ ಸದಾ ಇಟ್ಟುಕೊಂಡಿರುತ್ತಾರೆಂದು ಆಮೇಲೆ ತಿಳಿಯಿತು. ನನ್ನ ತಂದೆ ಆಸ್ಪತ್ರೆಯಲ್ಲಿದ್ದ ವರ್ಷ ನನ್ನ ಪಾಳಿಯ ಬೆಳಗುಗಳಲ್ಲೂ ಅವರೇ ನಿಂತು ಹಕ್ಕಿ ಎಣಿಸಿದರು, ಅದನ್ನು ಯಾರೆದುರೂ ಆಡಿ ತೋರಿಸಲಿಲ್ಲ. ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಆಯಾಸದ ಕೆಲಸವೇ. ಆದರೂ ನಾನು ಮಾಡಿಕೊಂಡೆ.

ಬಂದರು ವಿಸ್ತರಣೆಗೆಂದು ನಮ್ಮ ಕೆಸರುಬಯಲಿಗೆ ಮಣ್ಣು ತುಂಬುವ ಯೋಜನೆ ಬಂದ ವರ್ಷದ ಮಾತು. ಅಳಿವಿನಂಚಿನ ಹಕ್ಕಿಯೊಂದು ಅಲ್ಲಿ ಇಳಿಯುತ್ತದೆಂದು ನಮ್ಮ ಕೇಂದ್ರ ಬರೆದುಕೊಟ್ಟರೆ ಕೆಲಸ ನಿಲ್ಲುತ್ತಿತ್ತು. ಪರಿಶೀಲನೆಯವರು ಬರಲಿದ್ದ ವಾರ, ಬೆಳಗಿನ ಕಡಲಿಳಿತದ ಹೊತ್ತಿನಲ್ಲಿ, ಕೆಸರಿನಲ್ಲಿ ಹುಳ ಹೆಕ್ಕುವ ಸಣ್ಣ ಉಲ್ಲಂಕಿ ಹಕ್ಕಿಗಳ ಗುಂಪಿನ ನಡುವೆ ಒಂದರ ಕೊಕ್ಕಿನ ತುದಿ ಅಗಲವಾಗಿರುವುದು ನನಗೆ ಕಂಡಿತು. ಈಗ ತೀರ ಕಡಿಮೆ ಉಳಿದಿರುವ ಚಮಚಕೊಕ್ಕಿನ ಉಲ್ಲಂಕಿ. ಅಕ್ಕನನ್ನು ಕರೆದು ಟೆಲಿಸ್ಕೋಪಿನ ಮುಂದೆ ನಿಲ್ಲಿಸಿದೆ.

"ಅದೇ ಅಲ್ವಾ ಅಕ್ಕ?"

"ಮಾಮೂಲಿ ಉಲ್ಲಂಕಿ ಕೊಕ್ಕಿಗೆ ಕೆಸರು ಮೆತ್ತಿಕೊಂಡ್ರೂ ಹೀಗೇ ಕಾಣುತ್ತೆ. ನೀರಿಗೆ ಇಳೀಲಿ, ತೊಳ್ಕೊಳ್ಳಲಿ, ನೋಡೋಣ."

ನೀರಿಗೆ ಇಳಿಯುವ ಮೊದಲೇ ಗುಂಪು ಎದ್ದು ಹಾರಿಹೋಯಿತು. ಮುಂದಿನ ಬೆಳಗುಗಳಲ್ಲೂ ಕಾದೆವು. ಅದು ಮತ್ತೆ ಬರಲಿಲ್ಲ. ಅಕ್ಕ ಬರೆದರು: ಅನುಮಾನ. ನಾನು ಜಗಳವಾಡಿದೆ, "ಒಂದು ಪದ ಬದಲಾಯಿಸಿ ಅಕ್ಕ, ಒಂದೇ ಪದ" ಎಂದು ಗೋಗರೆದೆ, ಭಾವನೂ ನನ್ನ ಪರ ವಹಿಸಿ ಮಾತಾಡಿದರು. ಅವರು ಜಗ್ಗಲಿಲ್ಲ. ವರ್ಷ ತಿರುಗುವುದರೊಳಗೆ ಕೆಸರುಬಯಲು ಮುಚ್ಚಿಹೋಯಿತು.

ಮರು ಶರತ್ಕಾಲದಲ್ಲೂ ಹಕ್ಕಿಗಳೇನೋ ಬಂದವು. ಇಳಿಯಲು ಜಾಗ ಸಿಗದೆ ಹೊಸ ಕಾಂಕ್ರೀಟಿನ ಮೇಲೆ ಸುತ್ತು ಹಾಕುತ್ತಿದ್ದವು. ಬೇಲಿಯ ಈಚೆ ನಿಂತು ನಾನು ಕೇಳಿದೆ:

"ಈಗಲಾದ್ರೂ ಹೇಳಿ. ಅವತ್ತು ಕಂಡಿದ್ದು ಕೆಸರೇನಾ?"

"ಅಲ್ಲ ಅಂತ ಅವತ್ತೇ ಅನ್ನಿಸಿತ್ತು ಕಣಪ್ಪ. ಇವತ್ತಿಗೂ ಅನ್ನಿಸುತ್ತೆ." ಅಕ್ಕ ಕನ್ನಡಕ ತೆಗೆದು ಅಂಗೈಯಿಂದ ಕಣ್ಣೊರೆಸಿಕೊಂಡರು. "ಆದ್ರೆ ತೊಳೆದ ಕೊಕ್ಕು ನಾನು ನೋಡ್ಲಿಲ್ವಲ್ಲ. ನಿನಗಿಂತ ಜಾಸ್ತಿ ನನಗೆ ಬೇಕಿತ್ತು ಅದು."

ಅಂದು ನನ್ನ ಸಿಟ್ಟು ಪೂರ್ತಿ ಹೋಯಿತೆಂದು ಹೇಳಲಾರೆ. ಅದನ್ನು ಹೊತ್ತು ತಿರುಗುವ ಶಕ್ತಿ ಮಾತ್ರ ಹೋಯಿತು. ಆಮೇಲಿನ ವರ್ಷಗಳಲ್ಲಿ ನಾವಿಬ್ಬರೂ ಅದೇ ಬೇಲಿಯ ಪಕ್ಕ ನಿಂತು, ಕಡಿಮೆಯಾಗುತ್ತಾ ಹೋದ ಹಕ್ಕಿಗಳನ್ನು ಎಣಿಸುತ್ತಾ, ಭಾವನ ತಣ್ಣಗಾದ ಚಹಾ ಕುಡಿಯುತ್ತಾ ಸೇವೆ ಸವೆಸಿದೆವು.

ಇದೀಗ ಅವರ ಕುರ್ಚಿಗೆ ನನ್ನನ್ನು ನೇಮಿಸಿದ್ದಾರೆ. ಹೊಳೆಬಾಯಿಯ ಆಚೆ ಉಳಿದಿರುವ ತುಂಡು ಕೆಸರಿನಲ್ಲೂ ಬಂದರಿನವರು ಅಳತೆಯ ಗೂಟ ನೆಟ್ಟಾಗಿದೆ. ಈ ಶರತ್ಕಾಲದಲ್ಲಿ ಅಲ್ಲಿ ಏನಾದರೂ ಕಂಡರೆ ಸಹಿ ಹಾಕಬೇಕಾದವನು ನಾನು. ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಸಂಪುಟದಲ್ಲಿ ಬರೆದ ಎಲ್ಲರಂತೆ ನಾನೂ ಅಕ್ಕನವರಿಗೆ ದೀರ್ಘಾಯುಸ್ಸನ್ನೂ, ಚುರುಕು ಕಣ್ಣನ್ನೂ, ನೋಯದ ಮಂಡಿಗಳನ್ನೂ ಹಾರೈಸುತ್ತೇನೆ. ಆದರೆ ನನ್ನ ಹಾರೈಕೆಯಲ್ಲಿ ಸ್ವಾರ್ಥವಿದೆ. ನಿವೃತ್ತಿಯ ನಂತರವೂ ಬೆಳಗಿನ ಇಳಿತಕ್ಕೆ ಬಂದು ನನ್ನ ಪಕ್ಕದಲ್ಲಿ ನಿಲ್ಲಿ, ಅಕ್ಕ. ನೀವಿಲ್ಲದಿದ್ದರೆ ನಾನು ಸುಳ್ಳು ಬರೆದುಬಿಡುತ್ತೇನೆ.