ಅಪ್ಪ ಪ್ರಸಂಗ ಮಾಡದ ಭಾನುವಾರ

ಇವತ್ತು ಥಾರ್ನ್ಲಿ ಬಡಾವಣೆಯ ನಮ್ಮ ಚರ್ಚಿನ ಅಡುಗೆಮನೆಯಲ್ಲಿ ಜಾಂಬಿಯಾದ ಆಂಟಿಯೊಬ್ಬರು ಮೆಕ್ಕೆಜೋಳದ ಹಿಟ್ಟಿನ ಮುದ್ದೆ ತಿರುವುತ್ತಿದ್ದರು. ಆ ವಾಸನೆಗೆ ನಾನು ಮತ್ತೆ ಅಪ್ಪನ ಹಳೇ ಜೀಪಿನ ಹಿಂದಿನ ಸೀಟಿನಲ್ಲಿದ್ದೆ.

ಅಪ್ಪ, ಅಮ್ಮ ಮೈಸೂರಿನಿಂದ ಜಾಂಬಿಯಾಕ್ಕೆ ಹೋದ ಮಿಷನರಿಗಳು. ಭಾನುವಾರ ಬಂತೆಂದರೆ ಯಾವುದಾದರೊಂದು ಹಳ್ಳಿಯ ಚರ್ಚಿಗೆ ಪ್ರಯಾಣ. ದಾರಿಯುದ್ದಕ್ಕೂ ಅಪ್ಪ ಅಂದು ಚರ್ಚಿನಲ್ಲಿ ಮಾಡಬೇಕಾದ ಪ್ರಸಂಗವನ್ನು ಗಟ್ಟಿಯಾಗಿ ಒಪ್ಪಿಸುತ್ತಿದ್ದರು. ಅಮ್ಮ, "ಉದ್ದ ಆಯ್ತು ರೀ," ಎನ್ನುತ್ತಿದ್ದರು.

ಒಮ್ಮೆ ಹೋದಾಗ ಚರ್ಚು ಖಾಲಿಯಿತ್ತು. ಊರಿನವರೆಲ್ಲ ಒಂದು ಮನೆಯ ಮುಂದೆ ಕೂತಿದ್ದರು. ಆ ಮನೆಯ ಮಗಳು ಬೆಳಿಗ್ಗೆ ಜ್ವರದಿಂದ ತೀರಿಕೊಂಡಿದ್ದಳು. ಅವಳಿಗೆ ನನ್ನದೇ ವಯಸ್ಸು. ಎಲ್ಲರೂ ಅಪ್ಪನತ್ತ ನೋಡಿದರು. ಅಪ್ಪ ಬೈಬಲ್ ತೆರೆದರು, ಮತ್ತೆ ಮುಚ್ಚಿದರು.

ಅಮ್ಮ ಮೆಲ್ಲಗೆ, "ಏನೂ ಹೇಳ್ಬೇಡಿ. ಸುಮ್ನೆ ಅವಳ ತಂದೆ ಪಕ್ಕ ಕೂತ್ಕೊಳ್ಳಿ," ಎಂದರು.

ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನಲ್ಲೇ ಅಪ್ಪ ಮಣ್ಣಿನ ಮೇಲೆ ಕೂತರು. ಬಹಳ ಹೊತ್ತಿನ ಮೇಲೆ ಆ ತಂದೆ ಅಪ್ಪನ ಹೆಗಲಿಗೆ ತಲೆಯಿಟ್ಟು ಅತ್ತುಬಿಟ್ಟ. ಅಪ್ಪನೂ ಅತ್ತರು. ಅಪ್ಪ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಅಮ್ಮ ಹೆಂಗಸರ ಜೊತೆ ಮೆಕ್ಕೆಜೋಳದ ಮುದ್ದೆ ತಿರುವಲು ಒಲೆಯ ಕಡೆ ನಡೆದರು.

ನಾನೀಗ ಇದೇ ನಗರದ ಜೂಂಡಲಪ್‌ನ ಆಸ್ಪತ್ರೆಯಲ್ಲಿ ಡಾಕ್ಟರ್. ರೋಗಿಯ ಮನೆಯವರಿಗೆ ಹೇಳಲು ಕೆಲವೊಮ್ಮೆ ನನ್ನ ಬಳಿ ಏನೂ ಉಳಿದಿರುವುದಿಲ್ಲ. ಆಗ ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂರುತ್ತೇನೆ.