ಎರಡು ಗೇಣು, ಆರು ಚಕ್ರ

ಒಂದು ಹುಬ್ಬು ಮೇಲೇರಿಸಿ ನಿಂತ ಗಾಡಿಯನ್ನು ನೀವು ನೋಡಿದ್ದೀರಾ? ಕಳೆದ ಶುಕ್ರವಾರ ರಿಯಾದ್‌ನಲ್ಲಿ ನಮ್ಮ ಹಮೀದಾಕನ ಪಿಕಪ್ ಹಾಗೆ ನಿಂತಿತ್ತು. ಹಾಗೆ ಮಾಡಿದವರು ನಾವಿಬ್ಬರೇ.

ಹಮೀದಾಕ ಉಡುಪಿ ಕಡೆಯವರು, ನನ್ನ ಪಕ್ಕದ ಮನೆ. ಗಾಡಿ ಅವರ ಕಫೀಲರದು, ಅಂದರೆ ಇಲ್ಲಿ ಕೆಲಸ ಕೊಟ್ಟ ಯಜಮಾನರದು. ಹಿಂದೆ ಎಡಕ್ಕೆರಡು, ಬಲಕ್ಕೆರಡು ಚಕ್ರ. ಹೊರಗಿನ ಚಕ್ರಗಳು ಬಾಡಿಯಿಂದ ಆಚೆ ಇಣುಕುತ್ತವೆ. ಅವುಗಳ ಮೇಲಿನ ಫೆಂಡರ್ ಫ್ಲೇರ್ (ಚಕ್ರಕ್ಕೊಂದು ಕೊಡೆ ಅನ್ನಿ) ಒಡೆದುಹೋಗಿ, ಗಾಡಿ ಇನ್‌ಸ್ಪೆಕ್ಷನ್‌ನಲ್ಲಿ ಫೇಲ್ ಆಗಿತ್ತು. ಭಾನುವಾರವೂ ಪಾಸಾಗದಿದ್ದರೆ ಮಾರಿಬಿಡುತ್ತೇನೆ ಎಂದಿದ್ದರು ಕಫೀಲ್.

ಹನ್ನೊಂದು ವರ್ಷ ಓಡಿಸಿದ ಗಾಡಿ! ಹಮೀದಾಕನಿಗೆ ಊಟ ಸೇರುತ್ತಿರಲಿಲ್ಲ. (ಬಿರಿಯಾನಿಯನ್ನೇ ಬಿಟ್ಟಾಗ ನನಗೆ ಗಾಬರಿಯಾಯಿತು.)

ಗುಜರಿಯಿಂದ ಬೇರೊಂದು ಗಾಡಿಯ ಫ್ಲೇರ್ ತಂದೆವು. ಹೊಸ ತೂತು ಕೊರೆಯಬೇಕು. ಬಾಡಿಯ ಮೇಲಂಚಿನಿಂದ ಎಷ್ಟು ಕೆಳಗೆ? ನಾನು ಟೇಪ್ ಹುಡುಕತೊಡಗಿದೆ.

"ಟೇಪ್ ಎಂತಕ್ಕೆ ಮಾರಾಯ, ಕೈ ಉಂಟಲ್ಲ? ಎರಡು ಗೇಣು."

ನನಗೂ ಸರಿಯೆನಿಸಿತು. ನಮ್ಮಜ್ಜಿ ಕಿಟಕಿ ಪರದೆಯಿಂದ ನನ್ನ ಚಡ್ಡಿಯವರೆಗೆ ಎಲ್ಲವನ್ನೂ ಗೇಣಿನಲ್ಲೇ ಅಳೆದವರಲ್ಲವೇ? ಎಡಬದಿ ಅವರು, ಬಲಬದಿ ನಾನು. ಡ್ರಿಲ್ಲು ಗುರ್ರೆಂದಿತು.

ಮುಗಿಸಿ ಹಿಂದೆ ಬಂದು ನೋಡಿದರೆ ಎಡದ ಫ್ಲೇರ್ ಟೈರಿಗೆ ಮುತ್ತಿಡುತ್ತಿದೆ, ಬಲದ್ದು ಆಕಾಶ ನೋಡುತ್ತಿದೆ. ಅವರದು ಸ್ಟಿಯರಿಂಗ್ ತಿರುಗಿಸಿದ ಕೈ, ನನ್ನದು ಕೀಬೋರ್ಡ್ ಕುಟ್ಟಿದ ಕೈ.

"ನಿಂದು ಗೇಣಾ ಅದು? ಗುಬ್ಬಿ ಕಾಲು!"

ನಗು ತಡೆಯಲಾಗದೆ ಇಬ್ಬರೂ ನೆಲದ ಮೇಲೇ ಕೂತೆವು. ಅಷ್ಟರಲ್ಲಿ ಕಫೀಲ್ ಬಂದರು. ಇಬ್ಬರೂ ದಡಬಡಿಸಿ ಎದ್ದೆವು. ಅವರು ಗಾಡಿಗೆ ಒಂದು ಸುತ್ತು ಬಂದರು. ಹಮೀದಾಕನ ಮುಖ ಬಾಡಿತು. ಮಾರಿಯೇಬಿಡುತ್ತಾರಾ?

ಕಫೀಲ್ ಬಗ್ಗಿದರು. ಬಿಳಿ ನಿಲುವಂಗಿಯ ತೋಳು ಮಡಚಿ, ಹೆಬ್ಬೆರಳು ಕಿರುಬೆರಳು ಅಗಲಿಸಿ, ಮೇಲಂಚಿಗೆ ಕೈಯಿಟ್ಟರು. ಅರಬ್ಬಿಯಲ್ಲಿ ಒಂದು ಗೇಣು, ಎರಡು ಗೇಣು! ಇನ್ನೊಂದು ಬದಿಯನ್ನೂ ಅಳೆದು, "ಇಬ್ಬರದೂ ತಪ್ಪು, ನನ್ನ ಕೈಯೇ ಸರಿ. ಯಲ್ಲಾ, ಬೇಗ ಕೊರೆಯಿರಿ" ಎಂದರು.

ಎರಡೂ ಬದಿಗೆ ಅವರ ಗೇಣಿನಲ್ಲೇ ಕೊರೆದೆವು. ಭಾನುವಾರ ಗಾಡಿ ಪಾಸ್. ಮಧ್ಯಾಹ್ನ ಹಮೀದಾಕ ಎರಡು ಪ್ಲೇಟ್ ಬಿರಿಯಾನಿ ತಿಂದರು.

ಟೇಪ್ ನಿನ್ನೆ ಗಾಡಿಯ ಸೀಟಿನಡಿ ಸಿಕ್ಕಿತು. ಯಜಮಾನರ ಕೈ ಸರಿಯೋ ತಪ್ಪೋ ಎಂದು ಅದರಲ್ಲಿ ಅಳೆದು ನೋಡುವ ಧೈರ್ಯ ಯಾರಿಗಿದೆ?